ಊಟದ ಪಂಕ್ತಿ, ಗ್ರಹಣದ ಗುಂಡಿ

ನಾನು ದೇವರನ್ನು ನಂಬುವವನಲ್ಲ. ವಿಜ್ಞಾನ ಓದಿದವನು. ಗ್ರಹಣದ ದಿನವೂ ಕಚೇರಿಯಲ್ಲಿ ನನ್ನ ಊಟದ ಡಬ್ಬಿ ಎಂದಿನ ಹೊತ್ತಿಗೇ ತೆರೆದುಕೊಳ್ಳುತ್ತದೆ. ಇಂಥವನಿಗೆ ಧರ್ಮದ ಮಾತೇಕೆ ಎಂದು ತಾವು ಕೇಳಬಹುದು. ಧರ್ಮ ದೇವರ ಮನೆಯೊಳಗೇ ಉಳಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅದು ಶಾಲೆ ನಡೆಸುತ್ತದೆ, ಅನ್ನ ಹಾಕುತ್ತದೆ, ಯಾರ ಪಕ್ಕದಲ್ಲಿ ಯಾರು ಕೂರಬೇಕೆಂದು ಹೇಳುತ್ತದೆ. ಆದ್ದರಿಂದ ನನಗೂ ಅದರಲ್ಲಿ ಪಾಲಿದೆ.

ತುಮಕೂರಿನ ಸಿದ್ಧಗಂಗಾ ಮಠವನ್ನೇ ನೋಡಿ. 111 ವರ್ಷ ಬಾಳಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಜಾತಿ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಊಟ, ವಸತಿ, ವಿದ್ಯೆ ದೊರೆಯಿತು. ಇಂದೂ ದೊರೆಯುತ್ತಿದೆ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಪಂಕ್ತಿಗೆ ಕೂತವರನ್ನು ನೀವು ಯಾರೆಂದು ಯಾರೂ ವಿಚಾರಿಸುವುದಿಲ್ಲ. ದೇವರಿಲ್ಲದೆಯೂ ಅನ್ನ ಬೇಯುತ್ತದೆ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಬೇಯುತ್ತದೆ, ಸರಿ. ಆದರೆ ನಾವು ವಿಚಾರ ಸಂಕಿರಣ ನಡೆಸಿದಷ್ಟು ಒಲೆ ಹಚ್ಚಿಲ್ಲ.

ಹಚ್ಚಿದವರಿಲ್ಲವೆಂದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ವಿದ್ಯಾರ್ಥಿ ನಿಲಯದ ಕೋಣೆಯೊಂದರಲ್ಲೇ ಹುಡುಗರ ನಡುವೆ ಬಾಳಿದರು. ಅವರ ಪ್ರಶ್ನೆಗೆ ತೂಕ ಬಂದದ್ದು ಆ ಕೋಣೆಯಿಂದ ಕೂಡ.

ಇನ್ನು ಮತ್ತೊಂದು ಮುಖ. ಅದೇ 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೂತವರು ಹೆತ್ತವರೇ. ಮಗು ಎದ್ದು ನಡೆದೀತೆಂಬ ಆಸೆ. ಕೆಲವೇ ದಿನಗಳ ನಂತರ, 2020ರ ಜನವರಿಯಲ್ಲಿ, ಅಮಾನುಷ ಪದ್ಧತಿಗಳ ವಿರುದ್ಧ 2017ರಲ್ಲೇ ಅಂಗೀಕಾರವಾಗಿದ್ದ ನಮ್ಮ ರಾಜ್ಯದ ಕಾಯ್ದೆ ಜಾರಿಗೆ ಬಂತು.

ಆ ಕಾಯ್ದೆ ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನವನ್ನು ನಿಷೇಧಿಸುತ್ತದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಮುಟ್ಟುವುದಿಲ್ಲ. ಗೆರೆ ಎಳೆದ ಜಾಗ ನನಗೆ ಸರಿಯೆನಿಸುತ್ತದೆ. ಸಂವಿಧಾನದ 25ನೆಯ ವಿಧಿಯೂ ಧರ್ಮಸ್ವಾತಂತ್ರ್ಯವನ್ನು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಂದಿದೆ. ನನ್ನ ತಾಯಿಯ ಭಜನೆ ಯಾರ ಘನತೆಯನ್ನೂ ಕಸಿಯುವುದಿಲ್ಲ. ಅದನ್ನು ನಾನು ಗೇಲಿ ಮಾಡಬೇಕಾದ ಅಗತ್ಯವೂ ಇಲ್ಲ. ಆದರೆ ನಂಬಿಕೆಯ ಹೆಸರಿನಲ್ಲಿ ಒಬ್ಬರನ್ನು ಎಂಜಲಿನ ಮೇಲೆ ಉರುಳಿಸುವಾಗ, 'ಅವರೇ ಇಷ್ಟಪಟ್ಟು ಮಾಡುತ್ತಾರೆ' ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ. ಆ ಇಷ್ಟವನ್ನು ಕಲಿಸಿದವರು ಯಾರು?

ಕಾಯ್ದೆ ಗುಂಡಿ ತೋಡುವ ಕೈಯನ್ನು ತಡೆದೀತು. ಆ ಮಗುವಿನ ಕಾಲಿಗೆ ವ್ಯಾಯಾಮ ಹೇಳಿಕೊಡುವವರು, ತಾಯಿಗೆ ನಿಜ ಸಂಗತಿ ತಿಳಿಹೇಳುವವರು ಅವರ ಮನೆಬಾಗಿಲಿಗೆ ಹೋಗಬೇಕು. ಮಠದವರು ಹೋಗಲಿ, ಆಸ್ಪತ್ರೆಯವರು ಹೋಗಲಿ, ವಿಚಾರವಾದಿಗಳೇ ಹೋಗಲಿ. ಮುಂದಿನ ಗ್ರಹಣಕ್ಕೆ ಮೊದಲೇ ಹೋಗಲಿ.