ಒಂದೇ ಸೂರು, ನಾಲ್ಕು ಗರ್ಭಗುಡಿ, ನಮ್ಮ ಬಿದ್ದುಹೋದ ಜಾಲತಾಣ

(ದೊಡ್ಡಗದ್ದವಳ್ಳಿಯಲ್ಲಿ ಕನ್ನಡದ ಯುವ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ)



ಬೆಂಗಳೂರಿನ ಗದ್ದಲ ಬಿಟ್ಟು ಇಷ್ಟು ದೂರ ಬಂದಿದ್ದೀರಿ. ಮೊದಲು ಈ ಲಕ್ಷ್ಮೀದೇವಿ ಗುಡಿಯನ್ನು ಕಣ್ತುಂಬ ನೋಡಿ. 1113ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತನೆಂಬ ವ್ಯಾಪಾರಿಯೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿಗಳು ಒಂದೇ ಸೂರಿನಡಿ ಇವೆ. ಒಂದರ ಮುಂದೆ ಜಾತ್ರೆ ನೆರೆದರೆ ಉಳಿದ ಮೂರಕ್ಕೂ ದಾರಿ ಕಟ್ಟಿತು! ಶೇರ್ಡ್ ಹೋಸ್ಟಿಂಗ್ ಎನ್ನುವುದೂ ಹೀಗೇ. ಒಂದೇ ಸರ್ವರಿನಲ್ಲಿ ನೂರಾರು ಜಾಲತಾಣಗಳ ವಾಸ. ಬಾಡಿಗೆ ಅಗ್ಗ. ಚಂದಾ ಎತ್ತಿ ತಾಣ ನಡೆಸುವ ನಮ್ಮಂಥವರು ಇನ್ನೆಲ್ಲಿಗೆ ಹೋಗಬೇಕು?

2020ರ ನವೆಂಬರಿನಲ್ಲಿ ಇದೇ ಗುಡಿಯ ಕಾಳಿ ವಿಗ್ರಹ ಒಡೆದುಹೋಗಿರುವುದು ಪತ್ತೆಯಾಯಿತು. ಒಡೆಯುವ ಮೊದಲಿನ ಚಿತ್ರಗಳು ನಮ್ಮ ಪುಟ್ಟ ತಾಣದಲ್ಲಿದ್ದವು. ಜನ ಹುಡುಕಿಕೊಂಡು ಬಂದರು. ಬಂದವರಿಗೆ ಕಂಡದ್ದೇನು? 508 ಎಂಬ ಅಂಕಿ, ಪಕ್ಕದಲ್ಲಿ ಒಂದು ಸಾಲು ಇಂಗ್ಲಿಷ್. ಕನ್ನಡ ಓದಲು ಬಂದವನಿಗೆ ಬಾಗಿಲಲ್ಲೇ ಇಂಗ್ಲಿಷಿನ ಬೀಗ! ಹೋಸ್ಟಿಂಗ್ ಕಂಪನಿಯವರನ್ನು ಕೇಳಿದರೆ, ಅದೂ ಇಂಗ್ಲಿಷಿನಲ್ಲೇ, ದೊಡ್ಡ ಪ್ಲಾನಿಗೆ ದುಡ್ಡು ಕಟ್ಟಿ ಎಂಬ ಉತ್ತರ ಬಂತು. ನಾವೂ ಪೆದ್ದರು. ಇಷ್ಟೊಂದು ಜನ ಬಂದರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆವು.

ದುಡ್ಡಿರಲಿಲ್ಲ, ಆದ್ದರಿಂದ ಕಾರಣ ಹುಡುಕಬೇಕಾಯಿತು. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಸಿಪಿಯು, ಮೆಮೊರಿ, ಒಂದೇ ಹೊತ್ತಿಗೆ ನಡೆಯುವ ಪ್ರೋಸೆಸ್ಸುಗಳ ಲೆಕ್ಕ ಇರುತ್ತದೆ. ನಮ್ಮದು ಮೂರನೆಯದರಲ್ಲೇ ಮಿತಿ ಮುಟ್ಟಿತ್ತು. ಆಮೇಲೆ ಆಕ್ಸೆಸ್ ಲಾಗ್ ತೆರೆದೆವು. ಯಾರು ಯಾವ ಹೊತ್ತಿಗೆ ಯಾವ ಕಡತ ಕೇಳಿದರು ಎಂಬ ದಿನಚರಿ ಅದು. ಅಲ್ಲಿ ಚಿತ್ರಗಳಿಗಿಂತ ಹೆಚ್ಚು ಸಲ ಕಂಡದ್ದು ಒಂದೇ ಹೆಸರು: ವರ್ಡ್‌ಪ್ರೆಸ್ಸಿನ ಅಡ್ಮಿನ್-ಅಜಾಕ್ಸ್ ಕಡತ.

ಅದನ್ನು ಕರೆಯುತ್ತಿದ್ದವರು ಯಾರು? ನಾವೇ ಶೋಕಿಗೆ ಹಾಕಿಕೊಂಡಿದ್ದ ಪ್ಲಗಿನ್. ‘ಈಗ ಇಷ್ಟು ಮಂದಿ ಓದುತ್ತಿದ್ದಾರೆ’ ಎಂದು ಮೂಲೆಯಲ್ಲಿ ತೋರಿಸುವ ಸಲುವಾಗಿ ಅದು ಐದು ಸೆಕೆಂಡಿಗೊಮ್ಮೆ ಸರ್ವರಿನ ಬಾಗಿಲು ಬಡಿಯುತ್ತಿತ್ತು. ಒಬ್ಬ ಓದುಗ ಪುಟ ತೆರೆದು ಹತ್ತು ನಿಮಿಷ ಕೂತರೆ 120 ಸಲ! ಪ್ರತಿ ಸಲವೂ ಡೇಟಾಬೇಸಿನಲ್ಲಿ ಒಂದು ಸಾಲು ಬರೆಯುತ್ತಿತ್ತು ಬೇರೆ. ಕ್ಯಾಶ್ ಇತ್ತಲ್ಲ ಎನ್ನುತ್ತೀರಿ. ಕ್ಯಾಶ್ ಎಂದರೆ ಬೇಯಿಸಿಟ್ಟ ಇಡ್ಲಿ, ಕೇಳಿದ ಕೂಡಲೇ ಬಡಿಸಬಹುದು. ಈ ಪ್ಲಗಿನ್ನಿನದು ಪ್ರತಿ ಸಲ ಕಾವಲಿ ಕಾಯಿಸಿ ಹುಯ್ಯುವ ದೋಸೆ. ಕ್ಯಾಶ್ ಅಲ್ಲಿ ಏನೂ ಮಾಡಲಾರದು.

ನಿಮಗೂ ಇದು ಬಂದೀತು, ಬಂದರೆ ಗಾಬರಿಯಾಗಬೇಡಿ. ಮೊದಲು ಕಡತಗಳದೂ ಡೇಟಾಬೇಸಿನದೂ ಬ್ಯಾಕಪ್ ತೆಗೆಯಿರಿ. ಡ್ಯಾಶ್‌ಬೋರ್ಡ್ ತೆರೆಯದಿದ್ದರೆ ಫೈಲ್ ಮ್ಯಾನೇಜರಿಗೆ ಹೋಗಿ. ಅನುಮಾನವಿರುವ ಪ್ಲಗಿನ್ನಿನ ಫೋಲ್ಡರಿಗೆ ಬೇರೆ ಹೆಸರಿಡಿ, ಅಷ್ಟಕ್ಕೇ ಅದು ನಿಂತುಹೋಗುತ್ತದೆ. ಯಾವುದೆಂದು ಗೊತ್ತಾಗದಿದ್ದರೆ ಎಲ್ಲವನ್ನೂ ನಿಲ್ಲಿಸಿ, ಒಂದೊಂದಾಗಿ ಶುರು ಮಾಡುತ್ತ ಪ್ಯಾನೆಲ್ಲಿನ ಗೆರೆ ಎಲ್ಲಿ ಏರುತ್ತದೆ ಎಂದು ನೋಡಿ. ಬೇಸರದ ಕೆಲಸ ನಿಜ, ಆದರೆ ಸುಳ್ಳು ಹೇಳದ ದಾರಿ. ಪ್ಲಗಿನ್ ಕಿತ್ತ ಮೇಲೂ ಅದು ಬರೆದ ಟೇಬಲ್ ಡೇಟಾಬೇಸಿನಲ್ಲಿ ಉಳಿದಿರಬಹುದು. ಅದನ್ನೂ ತೆಗೆಯಿರಿ.

ವರ್ಡ್‌ಪ್ರೆಸ್ಸಿನ ಕ್ರಾನ್ ಕೂಡ ಪುಟ ತೆರೆದಾಗೆಲ್ಲ ಬಾಕಿ ಕೆಲಸ ಇದೆಯೇ ಎಂದು ಇಣುಕುತ್ತದೆ. ಕಾನ್ಫಿಗ್ ಕಡತದಲ್ಲಿ ಅದನ್ನು ನಿಲ್ಲಿಸಿ, ಪ್ಯಾನೆಲ್ಲಿನಿಂದ ಅರ್ಧ ಗಂಟೆಗೊಮ್ಮೆ ಓಡಿಸಿದರೆ ಹಗುರ.

ಇಷ್ಟು ತಿಳಿಯಲು ನಮಗೆ ನಾಲ್ಕು ರಾತ್ರಿ ಹಿಡಿಯಿತು. ಹುಡುಕಿದಷ್ಟೂ ಇಂಗ್ಲಿಷ್ ಪುಟಗಳೇ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಲಿಪಿ 1991ರಿಂದಲೇ ಇದೆ. ಲಿಪಿ ಬಂದು ಇಷ್ಟು ವರ್ಷವಾದರೂ ದುರಸ್ತಿಯ ಮಾತು ಪರಭಾಷೆಯಲ್ಲೇ ಇರಬೇಕೇ? ಬೋರ್ಡಿಗೆ ಕನ್ನಡ ಕೇಳುವ ನಾವು, ವರ್ಷ ವರ್ಷ ಬಾಡಿಗೆ ಕಟ್ಟುವ ಕಂಪನಿಯನ್ನು ಕನ್ನಡದಲ್ಲಿ ಉತ್ತರ ಕೊಡಿ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ? ನಾನು ಕೇಳಿರಲಿಲ್ಲ. ಈಗ ಪ್ರತಿ ದೂರನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಅವರು ಅನುವಾದ ಮಾಡಿಕೊಳ್ಳಲಿ. ಕಂಡ ದೋಷ, ಮಾಡಿದ ದುರಸ್ತಿ ಎರಡನ್ನೂ ಕನ್ನಡದಲ್ಲಿ ಬರೆದು ತಾಣದಲ್ಲೇ ಇಟ್ಟಿದ್ದೇವೆ.

ಕಾಳಿಯ ಚಿತ್ರಗಳು ಐದನೆಯ ದಿನ ತೆರೆದವು. ಆ ಹೊತ್ತಿಗೆ ಹುಡುಕಿ ಬಂದವರಲ್ಲಿ ಬಹಳ ಮಂದಿ ಹಿಂತಿರುಗಿ ನೋಡಲಿಲ್ಲ, ಅದು ನಮ್ಮ ಕರ್ಮ. ಎಣಿಕೆ ಮೂಲೆಯಲ್ಲಿ ಮತ್ತೆ ಬೇಕೆಂದು ಒಬ್ಬ ಗೆಳೆಯ ಈಗಲೂ ಹಟ ಹಿಡಿದಿದ್ದಾನೆ. ತಿಂಗಳಿಗೊಮ್ಮೆ ಲಾಗ್ ನೋಡಿ ಕೈಯಲ್ಲೇ ಎಣಿಸಿ ಹೇಳುತ್ತೇನೆ ಎಂದು ಒಪ್ಪಿಸಿದ್ದೇನೆ.