ಭಾನುವಾರದ ಎರಡು ಗಂಟೆ, ವಾರದ ರಾತ್ರಿಯೂಟ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಶಿಕ್ಷಕಿ ಅಡುಗೆಮನೆಯ ವಿಷಯ ಏಕೆ ತೆಗೆದಳು ಎಂದು ನಿಮಗೆ ಅನ್ನಿಸಬಹುದು. ಕಾರಣ ತರಗತಿಯಲ್ಲೇ ಇದೆ. ಹತ್ತನೆಯ ತರಗತಿಯ ಮಕ್ಕಳಿಗೆ ಸಂಜೆ ವಿಶೇಷ ಪಾಠಗಳಿರುತ್ತವೆ. ಐದು ಗಂಟೆಯ ಹೊತ್ತಿಗೆ ಹಲವರ ಕಣ್ಣು ಎಳೆಯುತ್ತಿರುತ್ತವೆ. ಮನೆಗೆ ಹೋದ ಮೇಲೆ ಏನು ತಿನ್ನುತ್ತೀರಿ ಎಂದು ಕೇಳಿದರೆ, 'ಚಹಾ, ಬನ್ನು' ಎನ್ನುತ್ತಾರೆ. ರಾತ್ರಿ? 'ಅನ್ನ, ಮಧ್ಯಾಹ್ನದ ಸಾರು'. ಹೊಟ್ಟೆ ತುಂಬುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದು ತಟ್ಟೆ ಅನ್ನ, ತಿಳಿಸಾರಿನಲ್ಲಿ ಸಿಗುವ ಪ್ರೋಟೀನು ಹತ್ತು ಗ್ರಾಮಿನ ಆಸುಪಾಸು ಮಾತ್ರ.

ತಾಯಂದಿರನ್ನು ದೂರುವುದು ನನ್ನ ಉದ್ದೇಶವಲ್ಲ. ನಿಮ್ಮಲ್ಲಿ ಕೆಲವರು ಗಾರ್ಮೆಂಟ್ಸ್‌ಗೆ ಹೋಗುತ್ತೀರಿ, ಕೆಲವರು ಮನೆಯಲ್ಲೇ ಬೀಡಿ ಅಥವಾ ಊದುಬತ್ತಿ ಕೆಲಸ ಮಾಡುತ್ತೀರಿ. ರಾತ್ರಿ ಎಂಟು ಗಂಟೆಗೆ ಒಲೆಯ ಮುಂದೆ ನಿಂತು ಮಾಂಸ, ತರಕಾರಿ ಎಂದು ಎರಡು ಬಗೆ ಮಾಡಿ ಎಂದು ಹೇಳುವುದು ನ್ಯಾಯವಲ್ಲ. ಅದಕ್ಕಾಗಿಯೇ ಇಂದಿನ ವಿಷಯ: ಭಾನುವಾರ ಎರಡು ಗಂಟೆ ಕೆಲಸ ಮಾಡಿ, ಮುಂದಿನ ರಾತ್ರಿಗಳ ಊಟವನ್ನು ಸಿದ್ಧ ಮಾಡಿಟ್ಟುಕೊಳ್ಳುವುದು ಹೇಗೆ?

ಎಷ್ಟು ಬೇಕು?

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಸಂಖ್ಯೆ ಸುಮಾರು 48. ಅಂದರೆ ಈ ಸಭೆಯಲ್ಲಿ ಕುಳಿತಿರುವ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ ಇರಬಹುದಾದ ತೊಂದರೆ ಇದು. ಓದು ತಲೆಗೆ ಹತ್ತುತ್ತಿಲ್ಲ ಎಂದು ಮಕ್ಕಳನ್ನು ಗದರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಜೇಬಿನಲ್ಲಿಟ್ಟು ಮನೆಗೆ ತರದಂತೆ ನೋಡಿಕೊಳ್ಳಬೇಕು.

ಇನ್ನು ಪ್ರೋಟೀನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಮಾಡಿದ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 43 ಗ್ರಾಂ, 16ರಿಂದ 18ರ ಹುಡುಗಿಗೆ 46 ಗ್ರಾಂ, ಅದೇ ವಯಸ್ಸಿನ ಹುಡುಗನಿಗೆ 55 ಗ್ರಾಂ ಬೇಕು. ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಇದಕ್ಕಾಗಿ ದುಬಾರಿ ಪುಡಿಯ ಡಬ್ಬಿಗಳನ್ನು ಕೊಳ್ಳಬೇಕಾಗಿಲ್ಲ. 100 ಗ್ರಾಂ ಹಸಿ ಮಾಂಸದಲ್ಲಿ, ಕುರಿಯಾಗಲಿ ಕೋಳಿಯಾಗಲಿ, ಸುಮಾರು 20 ಗ್ರಾಂ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಒಣ ಕಡಲೆಕಾಳಿನಲ್ಲಿ ಸುಮಾರು 20 ಗ್ರಾಂ. ಸೋಯಾ ಚಂಕ್ಸ್‌ನಲ್ಲಿ 50 ಗ್ರಾಮಿನಷ್ಟಿದೆ.

'ನಾವು ವಾರಕ್ಕೊಮ್ಮೆ ಬಿರಿಯಾನಿ ಮಾಡುತ್ತೇವಲ್ಲ ಟೀಚರ್' ಎಂದು ಕೆಲವರು ಹೇಳುತ್ತಾರೆ. ಮಾಡಿ, ಸಂತೋಷ. ಆದರೆ ಬಿರಿಯಾನಿಯ ತಟ್ಟೆಯಲ್ಲಿ ಹೆಚ್ಚಿಗೆ ಇರುವುದು ಅನ್ನವೇ. ಮೂಳೆಯ ತೂಕ ಕಳೆದರೆ ಮಗುವಿನ ಪಾಲಿಗೆ ಬರುವ ಮಾಂಸ ಸ್ವಲ್ಪವೇ. ಅಲ್ಲದೆ ದೇಹಕ್ಕೆ ಪ್ರೋಟೀನು ಬೇಕಾಗಿರುವುದು ದಿನದಿನವೂ.

ಸ್ಟೇಕ್ ಮತ್ತು ಪಸಂದೆ

ಇಂಗ್ಲಿಷರಲ್ಲಿ ಸ್ಟೇಕ್ ಎಂಬ ಊಟವಿದೆ. ಮೂಳೆಯಿಲ್ಲದ ಮಾಂಸದ ದಪ್ಪ ಹೋಳನ್ನು ಬಿಸಿ ಕಾವಲಿಯ ಮೇಲೆ ಸುಟ್ಟು, ಪಕ್ಕದಲ್ಲಿ ಹುರಿದ ತರಕಾರಿ ಇಟ್ಟು ತಿನ್ನುವುದು. ಈಗ ಪೇಟೆಯ ಯುವಕರು ಇದನ್ನೇ ವಾರಕ್ಕಾಗುವಷ್ಟು ಮಾಡಿ ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಇದು ನಮಗೆ ತೀರಾ ಹೊಸದೇನಲ್ಲ. ದಖ್ಖನಿ ಮನೆಗಳಲ್ಲಿ ಪಸಂದೆ ಎಂಬ ಅಡುಗೆ ಇದೆ. ಮಾಂಸವನ್ನು ಅಗಲವಾದ ಹೋಳುಗಳಾಗಿ ಕೊಯ್ದು, ಜಜ್ಜಿ ತೆಳ್ಳಗೆ ಮಾಡಿ, ಮಸಾಲೆ ಹಚ್ಚಿ ಬೇಯಿಸುವುದು. 'ಪಸಂದ್' ಎಂದರೆ ಉರ್ದುವಿನಲ್ಲಿ ಇಷ್ಟ, ಮೆಚ್ಚುಗೆ. ಕನ್ನಡದವರೂ ಊಟ ರುಚಿಯಾಗಿದ್ದರೆ 'ಪಸಂದಾಗಿದೆ' ಎನ್ನುತ್ತಾರೆ. ಎರಡು ಭಾಷೆಗಳೂ ಒಪ್ಪಿಕೊಂಡ ಈ ಪದದ ಅಡುಗೆಯನ್ನೇ ಇಂದಿನ ಪಾಠಕ್ಕೆ ತೆಗೆದುಕೊಂಡಿದ್ದೇನೆ. ಬಕ್ರೀದ್ ದಿನ ಮಾಂಸ ಕೊಯ್ದು, ಪಾಲು ಮಾಡಿ, ಕೆಡದಂತೆ ಎತ್ತಿಡುವ ನಿಮ್ಮ ಕೈಗಳಿಗೆ ಇದು ಕಷ್ಟವಾಗದು.

ಮಾಡುವ ಕ್ರಮ

ನಾಲ್ಕು ಜನರಿಗೆ ಎರಡು ರಾತ್ರಿಗಾಗುವಷ್ಟು ಲೆಕ್ಕ ಇದು. ಮೂಳೆಯಿಲ್ಲದ ಕುರಿಯ ತೊಡೆ ಮಾಂಸ ಅಥವಾ ಕೋಳಿ ಮಾಂಸ ಒಂದು ಕಿಲೋ, ತರಕಾರಿ ಎರಡು ಕಿಲೋ. ಮಾಂಸ ಒಬ್ಬರಿಗೆ ಒಂದು ಹೊತ್ತಿಗೆ 125 ಗ್ರಾಮಿನಂತೆ ಎಂಟು ಪಾಲಾಗುತ್ತದೆ. ಒಂದು ಪಾಲಿನಲ್ಲಿ 25 ಗ್ರಾಂ ಪ್ರೋಟೀನು. ಎರಡು ಚಪಾತಿ, ಒಂದು ಬಟ್ಟಲು ಮೊಸರು ಸೇರಿದರೆ 33ರ ಹತ್ತಿರ ಬರುತ್ತದೆ. ಹತ್ತನೆಯ ತರಗತಿಯ ಹುಡುಗಿಯ ಇಡೀ ದಿನದ ಅಗತ್ಯದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಇದೊಂದೇ ಊಟದಲ್ಲಿ ಸಿಕ್ಕಿತು.

ಮಾಂಸದಲ್ಲಿ ಎಳೆಗಳಿರುತ್ತವೆ. ಆ ಎಳೆಗಳಿಗೆ ಅಡ್ಡವಾಗಿ ಅರ್ಧ ಅಂಗುಲ ದಪ್ಪಕ್ಕೆ ಕೊಯ್ಯಿರಿ. ಉದ್ದುದ್ದ ಕೊಯ್ದರೆ ಎಷ್ಟು ಬೇಯಿಸಿದರೂ ನಾರಿನಂತೆ ಹಲ್ಲಿಗೆ ಸಿಗುತ್ತದೆ. ಕುರಿ ಮಾಂಸವಾದರೆ ಚಾಕುವಿನ ಬೆನ್ನಿನಿಂದ ಜಜ್ಜಿ ತೆಳ್ಳಗೆ ಮಾಡಿ. ಎರಡು ಚಮಚ ಉಪ್ಪು, ಎರಡು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ, ಅರಿಸಿನ, ಕುಟ್ಟಿದ ಕಾಳುಮೆಣಸು, ಒಂದು ಬಟ್ಟಲು ಗಟ್ಟಿ ಮೊಸರು, ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ ಸೇರಿಸಿ ಕಲಸಿ. ಕುರಿ ಮಾಂಸಕ್ಕೆ ಇನ್ನೊಂದು ದೊಡ್ಡ ಚಮಚ ಅರೆದ ಹಸಿ ಪರಂಗಿಕಾಯಿ ಬೇಕು. ಪರಂಗಿಯಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸವನ್ನು ಮೆದು ಮಾಡುತ್ತದೆ. ಒಂದು ಗಂಟೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಮಾಂಸ ಹಿಟ್ಟಿನಂತಾಗುತ್ತದೆ. ಕೋಳಿಗೆ ಮೊಸರೇ ಸಾಕು, ಪರಂಗಿ ಬೇಡ. ಈ ಒಂದು ಗಂಟೆ ಪಾತ್ರೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ.

ಈ ನಡುವೆ ತರಕಾರಿ ಮುಗಿಸಿಕೊಳ್ಳಿ. ಕ್ಯಾರೆಟ್, ಹುರಳಿಕಾಯಿ, ಹೂಕೋಸು, ದಪ್ಪ ಮೆಣಸಿನಕಾಯಿ, ಸಿಹಿಗೆಣಸು, ಸಿಹಿಗುಂಬಳ, ಈರುಳ್ಳಿ, ಹೀಗೆ ಸಂತೆಯಲ್ಲಿ ಅಗ್ಗವಾಗಿರುವುದು ಯಾವುದಾದರೂ ಆಗುತ್ತದೆ. ಗಟ್ಟಿಯಾದ ತರಕಾರಿಯನ್ನು ಸಣ್ಣಗೆ, ಮೆದುವಾದದ್ದನ್ನು ದೊಡ್ಡದಾಗಿ ಹೆಚ್ಚಿದರೆ ಎಲ್ಲವೂ ಒಟ್ಟಿಗೆ ಬೇಯುತ್ತವೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಲೇಬೇಕು. ಇದರಲ್ಲಿ ಒಂದು ವಿಜ್ಞಾನವಿದೆ. ಮೇಲ್ಮೈಯಲ್ಲಿ ನೀರು ಇರುವವರೆಗೆ ಅಲ್ಲಿನ ಶಾಖ 100 ಡಿಗ್ರಿ ದಾಟುವುದಿಲ್ಲ, ತರಕಾರಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಕಂದು ಬಣ್ಣ, ಹುರಿದ ಘಮ ಬರುವುದು ಅದಕ್ಕಿಂತ ಹೆಚ್ಚಿನ ಶಾಖದಲ್ಲಿ. ಲೂಯಿ ಕಾಮಿಲ್ ಮಾಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಇದರಲ್ಲಿ ಮುಖ್ಯವಾದದ್ದು. ಮಾಂಸ ಕಂದುವುದೂ ಅದರಿಂದಲೇ.

ಓವನ್ ಇದ್ದವರು 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಇಡಬಹುದು. ಇಲ್ಲದವರಿಗೆ ದಪ್ಪ ತಳದ ಬಾಣಲೆ ಅಥವಾ ಕಬ್ಬಿಣದ ಕಾವಲಿ ಸಾಕು. ಚೆನ್ನಾಗಿ ಕಾದ ಮೇಲೆ ಸ್ವಲ್ಪ ಎಣ್ಣೆ, ಒಂದು ಪದರದಷ್ಟೇ ತರಕಾರಿ. ರಾಶಿ ಹಾಕಿದರೆ ನೀರು ಬಿಟ್ಟು ಪಲ್ಯವಾಗುತ್ತದೆ. ಉಪ್ಪನ್ನು ಕೊನೆಯಲ್ಲಿ ಉದುರಿಸಿ. ಮತ್ತೆ ಬಿಸಿ ಮಾಡಲಿಕ್ಕಿರುವುದರಿಂದ ಸ್ವಲ್ಪ ಗಟ್ಟಿಯಿರುವಾಗಲೇ ಇಳಿಸಿ.

ಅದೇ ಕಾವಲಿಯಲ್ಲಿ ಮಾಂಸ. ಜೋರು ಉರಿಯಲ್ಲಿ ಒಂದೊಂದು ಬದಿಗೆ ಎರಡು ಮೂರು ನಿಮಿಷ ಕಂದು ಬಣ್ಣ ಬರಿಸಿ, ಬಳಿಕ ಉರಿ ತಗ್ಗಿಸಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ. ಕೋಳಿಯ ಹೋಳುಗಳು ಒಟ್ಟು ಹದಿನೈದು ನಿಮಿಷದಲ್ಲಿ ಆಗುತ್ತವೆ. ಕುರಿಗೆ ಮುಚ್ಚಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬೇಕು. ವಿದೇಶದಲ್ಲಿ ಸ್ಟೇಕನ್ನು ಒಳಗೆ ಕೆಂಪಾಗಿಯೇ ಬಿಡುತ್ತಾರೆ. ನಾವು ಹಾಗೆ ಮಾಡಬಾರದು. ಇಡೀ ಹೋಳಿನಲ್ಲಿ ರೋಗಾಣುಗಳಿರುವುದು ಬಹುಮಟ್ಟಿಗೆ ಹೊರಮೈಯಲ್ಲಿ. ಜಜ್ಜಿದಾಗ ಅವು ಒಳಗೆ ಸೇರುತ್ತವೆ. ಆದ್ದರಿಂದ ಪೂರ್ತಿ ಬೇಯಲೇಬೇಕು. ಕೋಳಿಯಲ್ಲಂತೂ ನಡುವಿನ ಶಾಖ 74 ಡಿಗ್ರಿ ಮುಟ್ಟಬೇಕು. ಕೊಯ್ದು ನೋಡಿದಾಗ ಒಳಗೆಲ್ಲೂ ಗುಲಾಬಿ ಬಣ್ಣ ಉಳಿದಿರಬಾರದು.

ಎತ್ತಿಡುವುದು

ಮಾಡುವುದಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಬೇಯಿಸಿದ ಆಹಾರ 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಇದ್ದಷ್ಟು ಹೊತ್ತೂ ರೋಗಾಣುಗಳು ಬೆಳೆಯುತ್ತವೆ. ಅಗಲ ತಟ್ಟೆಗಳಲ್ಲಿ ಹರಡಿ ಫ್ಯಾನಿನ ಕೆಳಗೆ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೇಸಿಗೆಯಾದರೆ ಒಂದು ಗಂಟೆಯೊಳಗೆ. ದೊಡ್ಡ ಪಾತ್ರೆ ಬೇಡ, ಆಳವಿಲ್ಲದ ಸ್ಟೀಲ್ ಡಬ್ಬಿಗಳಿರಲಿ. ಹಸಿ ಮಾಂಸ ಕೆಳಗಿನ ಅರೆಯಲ್ಲಿ, ಬೆಂದದ್ದು ಮೇಲಿನ ಅರೆಯಲ್ಲಿ. ಮೂರು ದಿನದೊಳಗೆ ಮುಗಿಸಿ. ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮಾಂಸವನ್ನು ನಂಬಬೇಡಿ. ತಿನ್ನುವಾಗ ಬೇಕಾದಷ್ಟನ್ನೇ ತೆಗೆದು, ಹಬೆಯಾಡುವವರೆಗೆ ಬಿಸಿ ಮಾಡಿ, ಒಮ್ಮೆ ಮಾತ್ರ. ಅನ್ನವನ್ನು ಆಯಾ ದಿನವೇ ಮಾಡಿ, ಅದು ಬೇಗ ಕೆಡುತ್ತದೆ.

ಫ್ರಿಜ್ ಇಲ್ಲದ ಮನೆಗಳೂ ನಮ್ಮಲ್ಲಿ ಇವೆ. ಅವರು ಬೇಯಿಸಿದ ಮಾಂಸವನ್ನು ಎತ್ತಿಡಲೇಬಾರದು. ಆದರೆ ಮುಂಚಿತವಾಗಿ ತಯಾರಾಗುವ ದಾರಿ ಅವರಿಗೂ ಇದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕಡಲೆಕಾಳು ನೆನೆಹಾಕಿದರೆ ರಾತ್ರಿ ಕುಕ್ಕರಿಗೆ ಸಿದ್ಧ. ಹುರಿದ ಮಸಾಲೆ ಪುಡಿ ವಾರವಿಡೀ ಇರುತ್ತದೆ. ಎರಡು ಮೊಟ್ಟೆ ಬೇಯಲು ಹತ್ತು ನಿಮಿಷ ಸಾಕು. ಮಾಂಸದ ಬೆಲೆ ಎಟುಕದ ವಾರವೂ ಇದೇ ದಾರಿ. ಕಾಳು ಮತ್ತು ರೊಟ್ಟಿ, ಬೇಳೆ ಮತ್ತು ಅನ್ನ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಇವನ್ನು ಬಡವರ ಊಟವೆಂದು ಕೀಳಾಗಿ ಕಾಣಬೇಕಾಗಿಲ್ಲ.

ಇನ್ನೆರಡು ಮಾತು. ತಿನ್ನುವಾಗ ತಟ್ಟೆಗೆ ನಿಂಬೆರಸ ಹಿಂಡಿ. ಅದರಲ್ಲಿರುವ ಸಿ ಜೀವಸತ್ವ ಕಾಳು, ತರಕಾರಿಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಚಹಾ ಇದಕ್ಕೆ ವಿರುದ್ಧ. ಊಟದ ಜೊತೆಗೆ ಅಥವಾ ಊಟವಾದ ತಕ್ಷಣ ಕುಡಿದ ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ. ಚಹಾ ಬಿಡಿ ಎಂದರೆ ನೀವು ನನ್ನ ಮಾತು ಕೇಳುವುದಿಲ್ಲ, ಒಂದು ಗಂಟೆ ತಡ ಮಾಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಡಬ್ಬಿಯ ಮೇಲೆ ಯಾರ ಹೆಸರು?

ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಪಾಲು ಮಾಡಿಡುವ ಕ್ರಮ. ಸಾಮಾನ್ಯವಾಗಿ ಒಂದೇ ಪಾತ್ರೆಯಿಂದ ಬಡಿಸುತ್ತೇವೆ. ಅಬ್ಬಾಗೆ ಮೊದಲು, ಗಂಡುಮಕ್ಕಳಿಗೆ ಆಮೇಲೆ, ನಂತರ ಹೆಣ್ಣುಮಕ್ಕಳಿಗೆ, ಕೊನೆಗೆ ಅಮ್ಮಿ. ಪಾತ್ರೆಯ ತಳ ಸೇರುವ ಹೊತ್ತಿಗೆ ಉಳಿಯುವುದು ಮಸಾಲೆ ಮಾತ್ರ. ಯಾರೂ ಬೇಕೆಂದೇ ಮಾಡಿದ ಅನ್ಯಾಯವಲ್ಲ ಇದು. ಆದರೆ ಮೇಲೆ ಹೇಳಿದ ನೂರಕ್ಕೆ 48ರ ಹಿಂದೆ ಈ ಸಾಲಿನ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಭಾನುವಾರವೇ ಡಬ್ಬಿಗಳಲ್ಲಿ ತೂಗಿ ತುಂಬಿಟ್ಟರೆ, ಯಾರ ಪಾಲು ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಮಗಳ ಡಬ್ಬಿ ಮಗನ ಡಬ್ಬಿಯಷ್ಟೇ ತುಂಬಿರಲಿ. ಅಮ್ಮಿಯ ಹೆಸರಿನದೂ ಒಂದು ಡಬ್ಬಿ ಇರಲಿ. ಅದನ್ನು 'ನನಗೆ ಹಸಿವಿಲ್ಲ' ಎಂದು ಮಕ್ಕಳಿಗೆ ಹಂಚಿಬಿಡಬೇಡಿ, ತಾಯಂದಿರೇ. ನೀವು ತಿನ್ನುವುದನ್ನು ನೋಡಿಯೇ ನಿಮ್ಮ ಮಗಳು ನಾಳೆ ತನ್ನ ಮನೆಯಲ್ಲಿ ತಾನೂ ತಿನ್ನಬೇಕೆಂದು ಕಲಿಯುತ್ತಾಳೆ.

ತಂದೆಯವರಲ್ಲೂ ಒಂದು ವಿನಂತಿ. ಭಾನುವಾರ ಸಾಮಾನು ತರುವುದರ ಜೊತೆಗೆ ತರಕಾರಿ ಹೆಚ್ಚಲು ಕುಳಿತುಕೊಳ್ಳಿ, ಗಂಡುಮಕ್ಕಳನ್ನೂ ಕೂರಿಸಿಕೊಳ್ಳಿ. ಒಂದು ಕಿಲೋ ಮಾಂಸವನ್ನು ಎಂಟು ಪಾಲು ಮಾಡುವುದು ಗಣಿತ, ಕಾವಲಿಯ ಶಾಖ ವಿಜ್ಞಾನ, ಸಮನಾಗಿ ಹಂಚುವುದು ನೀತಿಪಾಠ. ಮೂರನ್ನೂ ಮಕ್ಕಳು ಮನೆಯಲ್ಲೇ ಕಲಿತಂತಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿವೆ. ಬರುವ ಭಾನುವಾರವೇ ಅರ್ಧ ಕಿಲೋದಿಂದ ಆರಂಭಿಸಿ ನೋಡಿ. ಮುಂದಿನ ಸಭೆಯಲ್ಲಿ ಅಂಕಗಳ ಬಗ್ಗೆ ಮಾತಾಡುವ ಮೊದಲು ನಾನು ನಿಮ್ಮನ್ನು ಕೇಳುವುದು ಈ ಡಬ್ಬಿಗಳ ಬಗ್ಗೆಯೇ.