ಕಡತಕ್ಕೊಂದು ಕಾಗದದ ಅಂಗಿ

ಹಾಲಿನ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ ಕಟ್ಟುವ ದಿನ, ಅಜ್ಜಿಯ ಔಷಧಿಯ ಹೊತ್ತು, ಇವೆಲ್ಲ ಒಂದೇ ಕಡೆ ಇರಲೆಂದು ಉಂಗುರಗಳುಳ್ಳ ದಿನಚರಿ ಕಡತವನ್ನು ಇಟ್ಟುಕೊಂಡಿರುವವರು ನಿಮ್ಮಲ್ಲಿ ಅನೇಕರಿರಬಹುದು. ಬೇಕಾದ ಹಾಳೆ ಸೇರಿಸಬಹುದು, ಬೇಡವಾದುದನ್ನು ತೆಗೆಯಬಹುದು. ಅನುಕೂಲವೇನೋ ಸರಿಯೆ, ಆದರೆ ಅಂಗಡಿಯಿಂದ ತಂದ ಆ ಕಪ್ಪು ರಟ್ಟನ್ನು ನೋಡಿದರೆ ಕೋರ್ಟಿನ ನೆನಪಾಗುತ್ತದೆ. ಅದಕ್ಕೆ ತುಂಡು ಕಾಗದಗಳ ಅಂಗಿ ತೊಡಿಸುವ ವಿಚಾರವನ್ನು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಈ ಕೆಲಸಕ್ಕೆ ಕೊಲಾಜ್ ಎಂದು ಹೆಸರು. ಅಂಟಿಸು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. 1912ರಲ್ಲಿ ಬ್ರಾಕ್, ಪಿಕಾಸೋ ಎಂಬ ಚಿತ್ರಕಾರರು ಇದಕ್ಕೆ ಮಾನ ತಂದರು. ಅದಕ್ಕೂ ಬಹಳ ಮೊದಲು, 1772ರಲ್ಲಿ, ಮೇರಿ ಡೆಲನಿ ಎಂಬ ಇಂಗ್ಲಿಷ್ ವಿಧವೆ ತಮ್ಮ 72ನೆಯ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಹೂಗಳನ್ನು ಅಂಟಿಸತೊಡಗಿದರು. ಹತ್ತು ವರ್ಷಗಳಲ್ಲಿ ಸಾವಿರಕ್ಕೆ ಕೆಲವೇ ಕಡಿಮೆ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನನಗೆ ವಯಸ್ಸಾಯಿತು ಎನ್ನುವವರಿಗಾಗಿ ಇದನ್ನು ಹೇಳಿದೆ.

ಸಾಮಗ್ರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮದುವೆಯ ಕರೆಯೋಲೆ, ಹಳೆಯ ಕ್ಯಾಲೆಂಡರು, ಊದುಬತ್ತಿಯ ಪೊಟ್ಟಣದ ಚಿತ್ರ ಎಲ್ಲವೂ ಬಂದೀತು. ವೃತ್ತಪತ್ರಿಕೆ ಮಾತ್ರ ಬೇಡ. ಬೆಳಕಿಗೆ ಬೇಗ ಹಳದಿಯಾಗುತ್ತದೆ. ಮೈದಾ ಗಂಜಿಯ ಅಂಟು ಅಗ್ಗ, ಆದರೆ ಹುಳುಗಳಿಗೆ ಅದು ಔತಣ. ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳು ಮುಟ್ಟುವ ಕಡತಕ್ಕೆ ಸಲ್ಲದು. ಬಿಳಿಯ ಗೋಂದನ್ನು ಸ್ವಲ್ಪ ನೀರಿನಲ್ಲಿ ತೆಳುಮಾಡಿಕೊಳ್ಳಿರಿ. ಕಡತದ ಮೈ ಪ್ಲಾಸ್ಟಿಕ್ಕಿನದಾದರೆ ಮೊದಲು ಉಜ್ಜುಕಾಗದದಿಂದ ಅದನ್ನು ಒರಟು ಮಾಡಿರಿ.

ಎಲ್ಲರೂ ಎಡವುವುದು ಮುಂದೆ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುತ್ತ ಕುಗ್ಗುತ್ತದೆ. ಕುಗ್ಗುವಾಗ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಮರುದಿನ ನೋಡಿದರೆ ಕಡತ ಹಪ್ಪಳದಂತೆ ಬಾಗಿರುತ್ತದೆ! ಆದಕಾರಣ ಒಳಮೈಗೂ ಒಂದು ಕಾಗದ ಅಂಟಿಸಿರಿ. ಎರಡು ಕಡೆಯ ಎಳೆತ ಸರಿಹೋಗುತ್ತದೆ. ಆಮೇಲೆ ರಾತ್ರಿಯೆಲ್ಲ ಭಾರವಾದ ಪುಸ್ತಕಗಳ ಕೆಳಗಿಡಿರಿ. ಬೆನ್ನು ಮಡಿಸುವ ಎರಡು ಗೀರುಗಳ ಮೇಲೆ ಕಾಗದದ ಬದಲು ಬಟ್ಟೆಯ ಪಟ್ಟಿ ಇರಲಿ. ದಿನಕ್ಕೆ ಹತ್ತು ಸಲ ತೆರೆಯುವ ವಸ್ತು. ಅಲ್ಲಿ ಕಾಗದ ಒಂದು ತಿಂಗಳು ಬಾಳದು.

ಇಷ್ಟೆಲ್ಲ ಬಲ್ಲ ನಾನೇ ಒಂದು ತಪ್ಪು ಮಾಡಿದೆ. ನನ್ನ ಮೊದಲ ಕಡತಕ್ಕೆ ಅಪ್ಪ ಕಳುಹಿಸಿದ್ದ ಜೋಗದ ಚಿತ್ರವಿರುವ ಕಾರ್ಡನ್ನು ಅಂಟಿಸಿದೆ. ಜಲಪಾತ ಬಹು ಸೊಗಸಾಗಿ ಕಂಡಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕೇಳಿದಳು, ಅದರ ಹಿಂದೆ ಏನು ಬರೆದಿದ್ದರು ಎಂದು. ನನಗೆ ನೆನಪಿರಲಿಲ್ಲ. ನೀರು ಹಚ್ಚಿ ಮೆಲ್ಲನೆ ಬಿಡಿಸಿದೆ. ಕಾರ್ಡು ಬಂತು, ಶಾಯಿ ನೀಲಿಯ ಕಲೆಯಾಗಿ ರಟ್ಟಿನಲ್ಲೇ ಉಳಿಯಿತು. ಅಮ್ಮ ಏನೂ ಅನ್ನಲಿಲ್ಲ. ಕಾರ್ಡನ್ನು ಸೆರಗಿನಲ್ಲಿ ಒರಸಿ ದೇವರ ಪಟದ ಹಿಂದೆ ಇಟ್ಟುಕೊಂಡಳು.

ಈಗ ಇಂಥದಕ್ಕೆ ಪ್ರತಿ ತೆಗೆಸುವುದು ಸುಲಭ. ಪ್ರತಿಯನ್ನೇ ಅಂಟಿಸಿರಿ, ಅದೂ ಲೇಸರ್ ಮುದ್ರಣದ್ದಾಗಿರಲಿ. ಇಂಕ್‌ಜೆಟ್ ಯಂತ್ರದ ಬಣ್ಣ ಒದ್ದೆಗೆ ಹರಡುವುದುಂಟು. ಮೂಲ ಪತ್ರಕ್ಕೆ ಒಳರಟ್ಟಿನಲ್ಲಿ ದಪ್ಪ ಕಾಗದದ ಜೇಬು ಮಾಡಿ, ಮೂರು ಅಂಚಿಗೆ ಮಾತ್ರ ಅಂಟು ಹಚ್ಚಿರಿ. ಅಂಟು ಪೂರ್ತಿ ಒಣಗುವವರೆಗೆ, ಎಂದರೆ ಒಂದೆರಡು ದಿನ, ಅದರೊಳಗೆ ಏನನ್ನೂ ಇಡಬೇಡಿರಿ. ಜೇಬಿನ ಬಾಯಿ ಉಂಗುರಗಳ ಕಡೆಗಿರಲಿ. ಕಡತ ಮುಚ್ಚಿದಾಗ ಪತ್ರ ಹೊರಗೆ ಜಾರದು.